ಮುಸಲ್ಮಾನ ಯಾರೆಂದು ತೀರ್ಮಾನಿಸುವವರು ಯಾರು?

ಆಂಧ್ರಪ್ರದೇಶ ರಾಜ್ಯ ವಕ್ಫ್ ಮಂಡಳಿಯು 2023ರ ಫೆಬ್ರವರಿಯಲ್ಲಿ ನಿರ್ಣಯವೊಂದನ್ನು ಕೈಗೊಂಡು, ಅಹ್ಮದೀಯ ಪಂಥದವರು ಕಾಫಿರರು, ಅವರು ಮುಸ್ಲಿಮರಲ್ಲ ಎಂದು ಘೋಷಿಸಿತು. 2009ರಲ್ಲಿ ಅಲ್ಲಿನ ಉಲೇಮಾ ಸಂಘಟನೆಯೊಂದು ಹೊರಡಿಸಿದ್ದ ಫತ್ವಾ ಈ ನಿರ್ಣಯಕ್ಕೆ ಆಧಾರವಾಗಿತ್ತು. 2012ರಲ್ಲಿಯೂ ಮಂಡಳಿ ಇಂತಹುದೇ ನಿರ್ಣಯ ಮಾಡಿತ್ತು. ಆಗ ಹೈಕೋರ್ಟ್ ಅದಕ್ಕೆ ತಡೆ ನೀಡಿತ್ತು. ಎರಡನೆಯ ನಿರ್ಣಯ ಹೊರಬಿದ್ದ ಕೆಲವು ತಿಂಗಳಿಗೆ, 2023ರ ಜುಲೈನಲ್ಲಿ, ಕೇಂದ್ರದ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯ ರಾಜ್ಯ ಸರಕಾರಕ್ಕೆ ಪತ್ರ ಬರೆದು, ಯಾವುದೇ ಸಮುದಾಯದ ಧಾರ್ಮಿಕ ಗುರುತನ್ನು ನಿರ್ಧರಿಸುವ ಅಧಿಕಾರ ವಕ್ಫ್ ಮಂಡಳಿಗೆ ಇಲ್ಲವೆಂದು ತಿಳಿಸಿತು. ಜಮೀಅತ್ ಉಲಮಾಯೆ ಹಿಂದ್ ಮಾತ್ರ ಮಂಡಳಿಯ ನಿಲುವೇ ಸರಿಯೆಂದಿತು.

ಪತ್ರಿಕೆಗಳಲ್ಲಿ ಎರಡು ದಿನ ಸುದ್ದಿಯಾಗಿ ಮರೆಯಾದ ಈ ಪ್ರಕರಣ ಮೇಲ್ನೋಟಕ್ಕೆ ಕೇವಲ ಮತಶಾಸ್ತ್ರದ ತಕರಾರಿನಂತೆ ಕಾಣುತ್ತದೆ. ವಾಸ್ತವ ಹಾಗಿಲ್ಲ. ಮುಸ್ಲಿಮನೆಂದು ಒಪ್ಪಿಕೊಳ್ಳಲ್ಪಟ್ಟವನಿಗೆ ಮಸೀದಿಯ ಸಾಲಿನಲ್ಲಿ ನಿಲ್ಲುವ ಹಕ್ಕಿದೆ; ಅವನ ನಿಕಾಹ್ ಊರ್ಜಿತವಾಗುತ್ತದೆ; ತಂದೆಯ ಆಸ್ತಿಯಲ್ಲಿ ಪಾಲು ಸಿಗುತ್ತದೆ; ಸತ್ತಾಗ ಖಬರಸ್ತಾನದಲ್ಲಿ ಆರಡಿ ನೆಲ ದೊರೆಯುತ್ತದೆ. ಒಪ್ಪಿಕೊಳ್ಳಲ್ಪಡದವನಿಗೆ ಈ ಪೈಕಿ ಒಂದೊಂದೂ ವಿವಾದವಾಗುತ್ತದೆ. ಆದುದರಿಂದ ‘ಮುಸಲ್ಮಾನ ಯಾರು’ ಎಂಬ ಪ್ರಶ್ನೆಯ ಹಿಂದೆಯೇ ‘ಅದನ್ನು ತೀರ್ಮಾನಿಸುವ ಅಧಿಕಾರ ಯಾರದು’ ಎಂಬ ಇನ್ನೂ ತೊಡಕಿನ ಪ್ರಶ್ನೆ ನಿಂತಿರುತ್ತದೆ.

ಒಂದು ‘ಆಮೀನ್’ ಮೊಕದ್ದಮೆ

ಭಾರತದ ನ್ಯಾಯಾಲಯಗಳಿಗೆ ಈ ಪ್ರಶ್ನೆ ಹೊಸತಲ್ಲ. ಸಾಮೂಹಿಕ ನಮಾಝಿನಲ್ಲಿ ಇಮಾಮರು ‘ಫಾತಿಹಾ’ ಅಧ್ಯಾಯವನ್ನು ಪಠಿಸಿ ಮುಗಿಸಿದಾಗ ಹಿಂದೆ ನಿಂತವರು ‘ಆಮೀನ್’ ಎನ್ನುವುದು ವಾಡಿಕೆ. ಹನಫೀ ಪದ್ಧತಿಯವರು ಅದನ್ನು ಮೆಲ್ಲನೆ, ತಮಗಷ್ಟೇ ಕೇಳುವಂತೆ ಹೇಳುತ್ತಾರೆ. ಅಹ್ಲೆ ಹದೀಸ್ ಪಂಥದವರು ಗಟ್ಟಿಯಾಗಿ ಹೇಳುತ್ತಾರೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಉತ್ತರ ಭಾರತದ ಹಲವು ಊರುಗಳಲ್ಲಿ ಈ ಒಂದು ಶಬ್ದದ ಏರಿಳಿತಕ್ಕಾಗಿ ಹೊಡೆದಾಟಗಳಾದವು. ಗಟ್ಟಿಯಾಗಿ ‘ಆಮೀನ್’ ಎಂದವರ ಮೇಲೆ, ಪ್ರಾರ್ಥನೆಗೆ ಅಡ್ಡಿಪಡಿಸಿದ ಆರೋಪ ಹೊರಿಸಿ ಭಾರತೀಯ ದಂಡಸಂಹಿತೆಯ 296ನೆಯ ಕಲಮಿನನ್ವಯ ಶಿಕ್ಷೆ ವಿಧಿಸಿದ್ದೂ ಉಂಟು.

ಬನಾರಸಿನ ಅಂತಹ ಒಂದು ಪ್ರಕರಣ 1885ರಲ್ಲಿ ಅಲಹಾಬಾದ್ ಹೈಕೋರ್ಟಿನ ಮುಂದೆ ಬಂದಿತು. ಸರ್ ಸೈಯದ್ ಅಹ್ಮದ್ ಖಾನರ ಪುತ್ರ ನ್ಯಾಯಮೂರ್ತಿ ಸೈಯದ್ ಮಹಮೂದ್ ಅದರಲ್ಲಿ ತಮ್ಮದೇ ಪ್ರತ್ಯೇಕ ತೀರ್ಪು ಬರೆದರು. ಅರಬಿ ಮೂಲಗ್ರಂಥಗಳನ್ನು ಪರಿಶೀಲಿಸಿದ ಅವರು, ಹನಫೀ ಪಂಥವನ್ನೂ ಒಳಗೊಂಡಂತೆ ಯಾವ ಸುನ್ನೀ ಪಂಥವೂ ಗಟ್ಟಿಯಾದ ‘ಆಮೀನ್’ನಿಂದ ಪಕ್ಕದವನ ನಮಾಝ್ ಕೆಡುತ್ತದೆ ಎನ್ನುವುದಿಲ್ಲ ಎಂದು ತೋರಿಸಿದರು. ಮಸೀದಿ ದೇವರಿಗೆ ಅರ್ಪಿತವಾದ ಸ್ಥಳ; ಒಂದು ಪಂಗಡದ ಖಾಸಗಿ ಸ್ವತ್ತಲ್ಲ ಎಂಬುದು ಅವರ ವಾದದ ತಿರುಳಾಗಿತ್ತು. 1889ರಲ್ಲಿ ಅದೇ ಹೈಕೋರ್ಟಿನ ಪೂರ್ಣಪೀಠ ಈ ತತ್ತ್ವವನ್ನು ಎತ್ತಿಹಿಡಿಯಿತು. ಆತ್ಮಸಾಕ್ಷಿಗನುಸಾರವಾಗಿ, ಗದ್ದಲವೆಬ್ಬಿಸುವ ಉದ್ದೇಶವಿಲ್ಲದೆ ಗಟ್ಟಿಯಾಗಿ ‘ಆಮೀನ್’ ಎನ್ನುವವನನ್ನು ಮಸೀದಿಯಿಂದ ಹೊರಗಿಡುವಂತಿಲ್ಲ ಎಂಬುದು ಅಲ್ಲಿಂದ ಮುಂದೆ ನೆಲೆಗೊಂಡ ನ್ಯಾಯ.

ಕನ್ನಡನಾಡಿನ ಓದುಗರಿಗೆ ಈ ಮೊಕದ್ದಮೆಯಲ್ಲಿ ಒಂದು ವಿಶೇಷ ಅರ್ಥವಿದೆ. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಈ ಪದ್ಧತಿಯವರು. ಅವರಲ್ಲಿಯೂ ‘ಆಮೀನ್’ ಗಟ್ಟಿಯಾಗಿಯೇ ಕೇಳಿಬರುತ್ತದೆ. ಘಟ್ಟದ ಮೇಲಿನ ಉರ್ದು ಮಾತಿನ ಮುಸ್ಲಿಮರಲ್ಲಿ ಹೆಚ್ಚಿನವರು ಹನಫೀಗಳು. ಅಸರ್ ನಮಾಝಿನ ಸಮಯದಿಂದ ಮೊದಲ್ಗೊಂಡು ಕೈಕಟ್ಟುವ ರೀತಿಯವರೆಗೆ ಇವರೊಳಗೆ ಅನೇಕ ವ್ಯತ್ಯಾಸಗಳಿವೆ. ಆದರೂ ಮಂಗಳೂರಿಗೆ ಬಂದ ದಾವಣಗೆರೆಯ ವ್ಯಾಪಾರಿ ಶಾಫಿಈ ಇಮಾಮರ ಹಿಂದೆ ನಮಾಝ್ ಮಾಡಿ ಹೊರಡುತ್ತಾನೆ. ಬೆಂಗಳೂರಿಗೆ ಹೋದ ಭಟ್ಕಳದವನು ಹನಫೀ ಮಸೀದಿಯಲ್ಲಿ ಸಾಲು ಸೇರುತ್ತಾನೆ. ಬನಾರಸಿನಲ್ಲಿ ಮೊಕದ್ದಮೆಗೆ ಕಾರಣವಾದ ಶಬ್ದ ಇಲ್ಲಿ ಯಾರ ಗಮನವನ್ನೂ ಸೆಳೆಯದು. ಭೇದದ ಪ್ರಮಾಣ ಎರಡು ಕಡೆಯೂ ಒಂದೇ. ಆದರೆ ಶಾಫಿಈ ಪದ್ಧತಿ ತಲೆತಲಾಂತರದಿಂದ ಬಂದದ್ದೆಂದು ಹನಫೀಗಳು ಒಪ್ಪಿದ್ದಾರೆ. ಅಹ್ಲೆ ಹದೀಸ್ ಪಂಥದವರಾದರೋ ಅದೇ ಮಸೀದಿಯ ಹಳೆಯ ಆಚರಣೆಯನ್ನೇ ಪ್ರಶ್ನಿಸುತ್ತ ಎದ್ದವರು. ಜಗಳಕ್ಕೆ ಭೇದವಷ್ಟೇ ಸಾಲದು. ಮಸೀದಿ ಯಾರ ಹಿಡಿತದಲ್ಲಿರಬೇಕೆಂಬ ಭಯವೂ ಬೇಕು.

ಬಿಜಾಪುರದ ಪಾಠ

ಈ ಹಿಡಿತದ ಪ್ರಶ್ನೆ ಮಸೀದಿಯಿಂದ ಅರಮನೆಗೆ ಹೋದಾಗ ಏನಾಗುತ್ತದೆಂಬುದಕ್ಕೆ ಆದಿಲ್‌ಶಾಹಿ ಬಿಜಾಪುರದ ಚರಿತ್ರೆಯೇ ಸಾಕ್ಷಿ. ರಾಜ್ಯದ ಸ್ಥಾಪಕ ಯೂಸುಫ್ ಆದಿಲ್ ಶಾಹ ಹದಿನಾರನೆಯ ಶತಮಾನದ ಆರಂಭದಲ್ಲಿ ಶಿಯಾ ಮತವನ್ನು ರಾಜಮತವಾಗಿ ಸಾರಿದ. ಅವನ ಮರಣಾನಂತರ, ಬಾಲರಾಜನ ಹೆಸರಿನಲ್ಲಿ ಆಳಿದ ಕಮಾಲ್ ಖಾನ್ ಅದನ್ನು ಬದಲಿಸಿ ಸುನ್ನೀ ಪದ್ಧತಿಯನ್ನು ತಂದ. ಇಸ್ಮಾಯಿಲ್ ಆದಿಲ್ ಶಾಹ ಮರಳಿ ಶಿಯಾ ಪದ್ಧತಿಯನ್ನು ನೆಲೆಗೊಳಿಸಿದ. 1534ರಲ್ಲಿ ಪಟ್ಟಕ್ಕೆ ಬಂದ ಒಂದನೆಯ ಇಬ್ರಾಹೀಮ್ ಸುನ್ನೀ ಪಕ್ಷ ವಹಿಸಿದ; 1558ರಲ್ಲಿ ಪಟ್ಟವೇರಿದ ಅವನ ಮಗ ಒಂದನೆಯ ಅಲಿ ಆದಿಲ್ ಶಾಹ ಮತ್ತೆ ಶಿಯಾ ಮತಕ್ಕೆ ತಿರುಗಿದ; 1580ರಲ್ಲಿ ಬಂದ ಎರಡನೆಯ ಇಬ್ರಾಹೀಮನ ಕಾಲಕ್ಕೆ ಸುನ್ನೀ ಪದ್ಧತಿ ಪುನಃ ಬಂದಿತು. ಮುಕ್ಕಾಲು ಶತಮಾನದೊಳಗೆ ಶುಕ್ರವಾರದ ಖುತ್ಬಾದಲ್ಲಿ ಓದುವ ಹೆಸರುಗಳು ಇಷ್ಟು ಸಲ ಬದಲಾದವು.

ಇದು ಬರಿಯ ನಂಬಿಕೆಯ ಹೊಯ್ದಾಟವಾಗಿರಲಿಲ್ಲ. ಆಸ್ಥಾನದಲ್ಲಿ ಇರಾನ್ ಮೊದಲಾದ ದೇಶಗಳಿಂದ ಬಂದ ‘ಅಫಾಖಿ’ಗಳ ಗುಂಪು ಒಂದು, ನೆಲದ ‘ದಖನಿ’ ಸರದಾರರ ಗುಂಪು ಇನ್ನೊಂದು. ಮೊದಲ ಗುಂಪಿನಲ್ಲಿ ಶಿಯಾಗಳು ಹೆಚ್ಚು, ಎರಡನೆಯದರಲ್ಲಿ ಸುನ್ನೀಗಳು ಹೆಚ್ಚು. ಒಂದನೆಯ ಇಬ್ರಾಹೀಮ್ ಮತ ಬದಲಿಸಿದಾಗ ಅಫಾಖಿಗಳನ್ನು ದೊಡ್ಡ ಸಂಖ್ಯೆಯಲ್ಲಿ ಸೇವೆಯಿಂದ ತೆಗೆದುದಲ್ಲದೆ, ಲೆಕ್ಕಪತ್ರಗಳನ್ನು ಪಾರಸಿಯಿಂದ ದೇಶೀ ನುಡಿಗೆ ವರ್ಗಾಯಿಸಿ ಸ್ಥಳೀಯ ಲೆಕ್ಕಿಗರಿಗೆ ಅವಕಾಶ ಕೊಟ್ಟ. ಖುತ್ಬಾದ ಹೆಸರಿನ ಬದಲಾವಣೆ ಎಂದರೆ ಕುದುರೆ, ಜಹಗೀರು, ಸಂಬಳಗಳ ಬದಲಾವಣೆಯೂ ಆಗಿತ್ತು.

ಅದೇ ಬಿಜಾಪುರ ಸಹನೆಯ ದಾರಿಯನ್ನೂ ತೋರಿಸಿದೆ. ಎರಡನೆಯ ಇಬ್ರಾಹೀಮನ ಆಶ್ರಯದಲ್ಲಿ ಬರೆದ ಇತಿಹಾಸಕಾರ ಫೆರಿಷ್ತಾ, ಯೂಸುಫನು ತನ್ನ ಮತವನ್ನು ಸಾರಿದರೂ ಸುನ್ನೀ ಸರದಾರರಿಗೆ ತಮ್ಮ ರೀತಿಯಲ್ಲಿ ಪ್ರಾರ್ಥಿಸಲು ಅಡ್ಡಿಮಾಡಲಿಲ್ಲವೆಂದೂ, ಪ್ರವಾದಿಯವರ ಸಂಗಾತಿಗಳ ನಿಂದನೆಗೆ ಅವಕಾಶ ಕೊಡಲಿಲ್ಲವೆಂದೂ ಹೇಳುತ್ತಾನೆ. ನಂಬಿಕೆಗೆ ಸ್ವಾತಂತ್ರ್ಯ, ನಿಂದನೆಗೆ ಕಡಿವಾಣ ಎಂಬ ಈ ಸರಳ ಸೂತ್ರ ಇಂದಿಗೂ ಹಳತಾಗಿಲ್ಲ. 1930ರ ದಶಕದ ಲಖನೌದಲ್ಲಿ ಇದು ಮುರಿದುಬಿದ್ದ ಬಗೆಯನ್ನು ನೆನೆದರೆ ಸಾಕು. ಸಂಗಾತಿಗಳ ಸ್ತುತಿಯನ್ನು ಬೀದಿಯಲ್ಲಿ ಸಾರುವ ಹಟ ಒಂದು ಕಡೆ, ಅವರ ನಿಂದೆಯ ‘ತಬರ್ರಾ’ ಇನ್ನೊಂದು ಕಡೆ ಎದ್ದು ಸಾವಿರಾರು ಮಂದಿ ಜೈಲು ಸೇರಿದರು. ಮುಂದೆ 1977ರಲ್ಲಿ ನಿಷೇಧಗೊಂಡ ಆ ನಗರದ ಮೊಹರಂ ಮೆರವಣಿಗೆಗಳು ಮರಳಿ ಹೊರಟದ್ದು 1998ರಲ್ಲಿ.

ಪಾಕಿಸ್ತಾನ ಹಿಡಿದ ದಾರಿ

ಅಹ್ಮದೀಯರ ವಿಷಯ ಶಾಫಿಈ-ಹನಫೀ ಭೇದದಂತಹುದಲ್ಲ ಎಂಬುದನ್ನು ಮೊದಲು ಒಪ್ಪಬೇಕು. ಪಂಜಾಬಿನ ಖಾದಿಯಾನದ ಮಿರ್ಝಾ ಗುಲಾಮ್ ಅಹ್ಮದ್ 1889ರಲ್ಲಿ ಆರಂಭಿಸಿದ ಈ ಪಂಥದ ಮುಖ್ಯ ಶಾಖೆ ಆತನನ್ನು ಪ್ರವಾದಿ ಮುಹಮ್ಮದರ ಅಧೀನನಾದ ಪ್ರವಾದಿಯೆಂದು ನಂಬುತ್ತದೆ. ಮುಹಮ್ಮದರೊಂದಿಗೆ ಪ್ರವಾದಿತ್ವ ಮುಗಿಯಿತೆಂಬುದು ಸುನ್ನೀ-ಶಿಯಾಗಳೆಲ್ಲರೂ ಇಸ್ಲಾಮಿನ ಬುನಾದಿಯೆಂದು ಭಾವಿಸುವ ತತ್ತ್ವ. ಆದುದರಿಂದ ಉಲೇಮಾಗಳ ಆಕ್ಷೇಪ ಹಗುರವಾದುದಲ್ಲ. ಕವಿ ಇಕ್ಬಾಲರಂತಹ ಆಧುನಿಕ ಚಿಂತಕರೇ 1935ರಲ್ಲಿ ಅಹ್ಮದೀಯರನ್ನು ಪ್ರತ್ಯೇಕ ಸಮುದಾಯವೆಂದು ಪರಿಗಣಿಸಬೇಕೆಂದು ವಾದಿಸಿದ್ದರು. ಆ ಕುರಿತು ಅವರಿಗೂ ಜವಾಹರಲಾಲ್ ನೆಹರೂ ಅವರಿಗೂ ಲೇಖನಗಳ ಮೂಲಕ ವಾಗ್ವಾದವೂ ನಡೆಯಿತು.

ಬ್ರಿಟಿಷ್ ಭಾರತದ ನ್ಯಾಯಾಲಯಗಳಾದರೋ ಮತಶಾಸ್ತ್ರದ ಆಳಕ್ಕಿಳಿಯದೆ ಸರಳ ಅಳತೆಗೋಲನ್ನು ಹಿಡಿದವು. ಪಾಟ್ನಾ ಹೈಕೋರ್ಟ್ 1917ರ ವೇಳೆಗೆ ಅಹ್ಮದೀಯರು ಮುಸ್ಲಿಮರೇ, ಮಸೀದಿಯ ಇಮಾಮರ ಹಿಂದೆ ಪ್ರಾರ್ಥಿಸುವ ಹಕ್ಕು ಅವರಿಗಿದೆ, ಆದರೆ ಅಲ್ಲಿಯೇ ಬೇರೆ ಜಮಾಅತ್ ನಡೆಸುವಂತಿಲ್ಲ ಎಂದಿತು. ಅಲ್ಲಿ ಅಹ್ಮದೀಯರ ಪರವಾಗಿ ವಾದಿಸಿದ ತರುಣ ವಕೀಲ ಝಫರುಲ್ಲಾ ಖಾನ್ ಮುಂದೆ ಪಾಕಿಸ್ತಾನದ ಮೊದಲ ವಿದೇಶಾಂಗ ಸಚಿವನಾದರು. 1922ರಲ್ಲಿ ಮದರಾಸು ಹೈಕೋರ್ಟಿಗೆ ಬಂದ ಮಲಬಾರಿನ ಪ್ರಕರಣ ಇನ್ನೂ ಹೃದಯಸ್ಪರ್ಶಿ. ಗಂಡ ಅಹ್ಮದೀಯನಾದುದರಿಂದ ಮತಭ್ರಷ್ಟನಾದ, ವಿವಾಹ ಮುರಿಯಿತು ಎಂಬ ನಂಬಿಕೆಯಿಂದ ಹೆಂಡತಿಗೆ ಮರುಮದುವೆಯಾಯಿತು. ಅವಳ ಮೇಲೆ ದ್ವಿಪತಿತ್ವದ ಆರೋಪ ಬಂದಿತು. ಗಂಡ ಮುಸ್ಲಿಮನಾಗಿಯೇ ಉಳಿದಿದ್ದಾನೆಂದು ನ್ಯಾಯಾಲಯ ತೀರ್ಪಿತ್ತಿತು. ಪಂಡಿತರ ವ್ಯಾಖ್ಯಾನದ ಭಾರ ಕೊನೆಗೆ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. 1970ರಲ್ಲಿ ಕೇರಳ ಹೈಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಕೂಡ ಅಹ್ಮದೀಯರು ಮುಸ್ಲಿಮರೆಂದೇ ತೀರ್ಪು ನೀಡಿದರು.

ಗಡಿಯಾಚೆ ಕಥೆ ಬೇರೆಯಾಯಿತು. ಅಹ್ಮದೀಯರನ್ನು ಮುಸ್ಲಿಮೇತರರೆಂದು ಘೋಷಿಸಬೇಕು, ಝಫರುಲ್ಲಾ ಖಾನರನ್ನು ಸಚಿವ ಪದವಿಯಿಂದ ಕಿತ್ತೊಗೆಯಬೇಕು ಎಂಬ ಚಳವಳಿ 1953ರಲ್ಲಿ ಪಂಜಾಬನ್ನು ಹೊತ್ತಿಸಿತು. ಲಾಹೋರಿನಲ್ಲಿ ಸೈನಿಕ ಆಡಳಿತ ಹೇರಬೇಕಾಯಿತು. ವಿಚಾರಣೆಗೆ ನೇಮಕಗೊಂಡ ನ್ಯಾಯಮೂರ್ತಿಗಳಾದ ಮುಹಮ್ಮದ್ ಮುನೀರ್ ಮತ್ತು ಎಂ.ಆರ್. ಕಯಾನಿ, ಮುಂದೆ ಬಂದ ಪ್ರಮುಖ ಉಲೇಮಾಗಳನ್ನೆಲ್ಲ ಒಂದು ನೇರ ಪ್ರಶ್ನೆ ಕೇಳಿದರು: ಮುಸಲ್ಮಾನನೆಂದರೆ ಯಾರು? ಇಬ್ಬರ ಉತ್ತರವೂ ಒಂದಾಗಲಿಲ್ಲ. ಒಬ್ಬ ವಿದ್ವಾಂಸನ ವ್ಯಾಖ್ಯೆಯನ್ನು ಒಪ್ಪಿದರೆ ಉಳಿದವರ ವ್ಯಾಖ್ಯೆಯ ಪ್ರಕಾರ ಕಾಫಿರರಾಗಬೇಕಾಗುತ್ತದೆ ಎಂದು 1954ರ ಅವರ ವರದಿ ನಿರ್ದಾಕ್ಷಿಣ್ಯವಾಗಿ ದಾಖಲಿಸಿತು.

ವರದಿ ಕಪಾಟು ಸೇರಿತು. 1974ರ ಸೆಪ್ಟೆಂಬರ್ 7ರಂದು, ಪ್ರಧಾನಿ ಝುಲ್ಫಿಕರ್ ಅಲಿ ಭುಟ್ಟೋ ಕಾಲದಲ್ಲಿ, ಸಂವಿಧಾನದ ಎರಡನೆಯ ತಿದ್ದುಪಡಿಯ ಮೂಲಕ ಅಹ್ಮದೀಯರು ಮುಸ್ಲಿಮೇತರರಾದರು. ಶಾಸನಸಭೆಯೊಂದು ಮತಶಾಸ್ತ್ರದ ತೀರ್ಪು ಕೊಟ್ಟ ದಿನವದು. 1984ರಲ್ಲಿ ಜನರಲ್ ಝಿಯಾ ಉಲ್ ಹಕ್ ಹೊರಡಿಸಿದ ಸುಗ್ರೀವಾಜ್ಞೆ, ಅಹ್ಮದೀಯರು ತಮ್ಮ ಪ್ರಾರ್ಥನಾಲಯವನ್ನು ಮಸೀದಿಯೆನ್ನುವುದನ್ನೂ, ಅಝಾನ್ ಕೊಡುವುದನ್ನೂ, ತಮ್ಮನ್ನು ಮುಸ್ಲಿಮರೆಂದು ಕರೆದುಕೊಳ್ಳುವುದನ್ನೂ ಮೂರು ವರ್ಷದವರೆಗಿನ ಸಜೆಯ ಅಪರಾಧವಾಗಿಸಿತು. 1979ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಅಬ್ದುಸ್ಸಲಾಮರ ಗೋರಿಗಲ್ಲಿನ ಮೇಲಿದ್ದ ‘ಮುಸ್ಲಿಮ್’ ಎಂಬ ಪದವನ್ನೂ ಅಳಿಸಿಹಾಕಲಾಯಿತು. 2010ರ ಮೇ 28ರಂದು ಲಾಹೋರಿನ ಎರಡು ಅಹ್ಮದೀಯ ಪ್ರಾರ್ಥನಾಲಯಗಳ ಮೇಲೆ ನಡೆದ ದಾಳಿಯಲ್ಲಿ ಎಂಬತ್ತಕ್ಕೂ ಹೆಚ್ಚು ಮಂದಿ ಸತ್ತರು.

ಬೆಂಕಿ ಅಲ್ಲಿಗೆ ನಿಲ್ಲಲಿಲ್ಲ ಎಂಬುದೇ ಗಮನಿಸಬೇಕಾದ ಸಂಗತಿ. 1980ರಲ್ಲಿ ಝಿಯಾ ಸರಕಾರ ಸುನ್ನೀ ಹನಫೀ ನಿಯಮದಂತೆ ಝಕಾತ್ ವಸೂಲಿಗೆ ಹೊರಟಾಗ ಶಿಯಾಗಳು ಇಸ್ಲಾಮಾಬಾದಿನಲ್ಲಿ ಬೃಹತ್ ಪ್ರದರ್ಶನ ನಡೆಸಿ ವಿನಾಯಿತಿ ಪಡೆದರು. ಸರಕಾರ ಒಂದು ಫಿಖ್ಹನ್ನು ಕಾನೂನಾಗಿಸಿದ ಕೂಡಲೇ ಉಳಿದ ಫಿಖ್ಹಿನವರು ಎರಡನೆಯ ದರ್ಜೆಯವರಾಗುತ್ತಾರೆ ಎಂಬುದು ಆಗ ಸ್ಪಷ್ಟವಾಯಿತು. 1985ರಲ್ಲಿ ಝಂಗ್‌ನಲ್ಲಿ ಹುಟ್ಟಿದ ಸಿಪಾಹೆ ಸಹಾಬಾ ಸಂಘಟನೆ ಶಿಯಾಗಳನ್ನೂ ಮುಸ್ಲಿಮೇತರರೆಂದು ಘೋಷಿಸಬೇಕೆಂದಿತು. ಬಳಿಕ ಸರದಿ ದರ್ಗಾಗಳದ್ದು. 2017ರ ಫೆಬ್ರವರಿಯಲ್ಲಿ ಸಿಂಧ್ ಪ್ರಾಂತ್ಯದ ಸೆಹ್ವಾನಿನ ಲಾಲ್ ಶಹಬಾಝ್ ಕಲಂದರ್ ದರ್ಗಾದಲ್ಲಿ ಧಮಾಲ್ ನಡೆಯುತ್ತಿದ್ದಾಗ ಬಾಂಬು ಸಿಡಿಯಿತು. ಮುನೀರ್ ವರದಿಯ ಎಚ್ಚರಿಕೆ ಅಕ್ಷರಶಃ ನಿಜವಾಯಿತು. 2018ರಲ್ಲಿ 1,800ಕ್ಕೂ ಹೆಚ್ಚು ಉಲೇಮಾಗಳು ಸಹಿಹಾಕಿದ ‘ಪೈಗಾಮೆ ಪಾಕಿಸ್ತಾನ್’ ಎಂಬ ಘೋಷಣೆ ಪಂಥೀಯ ಹಿಂಸೆಯನ್ನು ಖಂಡಿಸಿತಾದರೂ 1974ರ ಮತ್ತು 1984ರ ಕಾನೂನುಗಳು ಹಾಗೆಯೇ ಉಳಿದಿವೆ.

ಅಮ್ಮಾನ್ ಸಂದೇಶ: ಸಾಧನೆ ಮತ್ತು ಮಿತಿ

ಇಸ್ಲಾಮೀ ವಿದ್ವತ್ ಪರಂಪರೆಯಲ್ಲಿ ‘ಇಖ್ತಿಲಾಫ್’, ಅಂದರೆ ಅಭಿಪ್ರಾಯಭೇದಕ್ಕೆ, ತನ್ನದೇ ಶಿಷ್ಟಾಚಾರವಿದೆ. ತನ್ನ ಗ್ರಂಥವನ್ನೇ ಸಾಮ್ರಾಜ್ಯದ ಏಕೈಕ ಕಾನೂನಾಗಿಸುವೆನೆಂದ ಖಲೀಫನ ಪ್ರಸ್ತಾವವನ್ನು ಇಮಾಮ್ ಮಾಲಿಕ್ ಒಲ್ಲೆನೆಂದರೆಂಬ ಕಥೆ ಮದ್ರಸಾಗಳಲ್ಲಿ ಇಂದಿಗೂ ಹೇಳಲ್ಪಡುತ್ತದೆ. ಖಲೀಫ ಮಾಮೂನ್ 833ರಲ್ಲಿ ಕುರ್‌ಆನ್ ಸೃಷ್ಟಿತವೆಂಬ ಸಿದ್ಧಾಂತವನ್ನು ಬಲಾತ್ಕಾರವಾಗಿ ಹೇರಹೊರಟಾಗ ಇಮಾಮ್ ಅಹ್ಮದ್ ಬಿನ್ ಹಂಬಲ್ ಸೆರೆವಾಸವನ್ನೂ ಛಡಿಯೇಟನ್ನೂ ಸಹಿಸಿದರೇ ಹೊರತು ಮಣಿಯಲಿಲ್ಲ. ಹದಿನೈದು ವರ್ಷಗಳ ನಂತರ ಆಸ್ಥಾನವೇ ಆ ಪ್ರಯತ್ನವನ್ನು ಕೈಬಿಟ್ಟಿತು.

ಈ ಪರಂಪರೆಯ ಆಧುನಿಕ ರೂಪವನ್ನು ಎರಡು ಪ್ರಯತ್ನಗಳಲ್ಲಿ ಕಾಣಬಹುದು. 1959ರಲ್ಲಿ ಕೈರೋದ ಅಲ್ ಅಝ್‌ಹರಿನ ಮುಖ್ಯಸ್ಥ ಶೇಖ್ ಮಹಮೂದ್ ಶಲ್ತೂತ್, ಶಿಯಾಗಳ ಜಾಫರೀ ಪದ್ಧತಿಯನ್ನು ಅನುಸರಿಸುವುದು ಸುನ್ನೀ ಪದ್ಧತಿಗಳಷ್ಟೇ ಸಿಂಧುವೆಂದು ಫತ್ವಾ ನೀಡಿದರು. ಎರಡನೆಯದು ಜೋರ್ಡಾನಿನ ದೊರೆ ಎರಡನೆಯ ಅಬ್ದುಲ್ಲಾ 2004ರ ನವೆಂಬರಿನಲ್ಲಿ ಹೊರಡಿಸಿದ ‘ಅಮ್ಮಾನ್ ಸಂದೇಶ’. ಮರುವರ್ಷ ಜುಲೈಯಲ್ಲಿ 50 ದೇಶಗಳ ಸುಮಾರು 200 ವಿದ್ವಾಂಸರು ಅಮ್ಮಾನಿನಲ್ಲಿ ಸೇರಿ ಮೂರು ಅಂಶಗಳನ್ನು ಒಪ್ಪಿದರು. ನಾಲ್ಕು ಸುನ್ನೀ ಪದ್ಧತಿಗಳು, ಎರಡು ಶಿಯಾ ಪದ್ಧತಿಗಳು, ಇಬಾದೀ ಮತ್ತು ಝಾಹಿರೀ, ಹೀಗೆ ಎಂಟು ಪದ್ಧತಿಗಳ ಅನುಯಾಯಿಗಳು ಮುಸ್ಲಿಮರೇ ಎಂಬುದು ಮೊದಲನೆಯದು. ಅವರನ್ನು ಕಾಫಿರರೆಂದು ಸಾರುವಂತಿಲ್ಲ ಎಂಬುದು ಅದರೊಂದಿಗಿನ ನಿಷೇಧ. ಇವರಲ್ಲಿ ಭೇದಕ್ಕಿಂತ ಸಾಮ್ಯವೇ ಹೆಚ್ಚೆಂಬುದು ಎರಡನೆಯದು. ಅಗತ್ಯ ಅರ್ಹತೆಯಿಲ್ಲದವರು ಫತ್ವಾ ನೀಡಕೂಡದೆಂಬುದು ಮೂರನೆಯದು.

ಅಲ್ ಅಝ್‌ಹರಿನ ಮುಖ್ಯಸ್ಥರೂ ಇರಾಕಿನ ಆಯತುಲ್ಲಾ ಸೀಸ್ತಾನಿಯವರೂ ಒಂದೇ ತತ್ತ್ವಕ್ಕೆ ಮುದ್ರೆಯೊತ್ತಿದ್ದು ಸಣ್ಣ ಸಂಗತಿಯಲ್ಲ. ಆದರೆ 2006ರ ಫೆಬ್ರವರಿಯಲ್ಲಿಯೇ ಇರಾಕಿನ ಸಮರ್ರಾದ ಶಿಯಾ ಪುಣ್ಯಸ್ಥಳದ ಗುಮ್ಮಟ ಸ್ಫೋಟಕ್ಕೆ ಸಿಕ್ಕಿತು. ತರುವಾಯದ ಕೊಲೆಗಳನ್ನು ಯಾವ ಸಂದೇಶವೂ ತಡೆಯಲಿಲ್ಲ. 2017ರ ನವೆಂಬರಿನಲ್ಲಿ ಈಜಿಪ್ಟಿನ ಸಿನಾಯ್‌ನಲ್ಲಿ ಸೂಫಿಗಳು ಸೇರುತ್ತಿದ್ದ ಮಸೀದಿಯಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಹತರಾದರು. ಇನ್ನೊಂದು ಮಿತಿ ಒಳಗಿನದೇ. ಅಮ್ಮಾನಿನ ಸಹನೆ ಪಟ್ಟಿಮಾಡಿದವರಿಗೆ ಸಿಕ್ಕ ಸಹನೆ. ಪಟ್ಟಿಯ ಹೊರಗುಳಿದ ಅಹ್ಮದೀಯರಂತಹವರ ಬಗ್ಗೆ ಅದು ಮೌನ.

ಒಳಗಿನ ಬಹಿಷ್ಕಾರ

ಹಾಗಾದರೆ ಪ್ರಭುತ್ವ ಸಂಪೂರ್ಣ ದೂರ ನಿಂತರೆ ಸಾಕೇ? ದಾವೂದಿ ಬೊಹ್ರಾ ಸಮುದಾಯದ ಅನುಭವ ಸಾಲದೆನ್ನುತ್ತದೆ. ಧರ್ಮಗುರುವಿನ ಅಧಿಕಾರವನ್ನು ಪ್ರಶ್ನಿಸಿದವರಿಗೆ ಅಲ್ಲಿ ಬಹಿಷ್ಕಾರದ ಶಿಕ್ಷೆಯುಂಟು. ಬಂಧುಗಳ ಮದುವೆಗೂ ಮಯ್ಯತ್ತಿಗೂ ಬಾಗಿಲು ಮುಚ್ಚುತ್ತದೆ. ವಿದ್ವಾಂಸ ಅಸ್ಗರ್ ಅಲಿ ಇಂಜಿನಿಯರ್ 2013ರಲ್ಲಿ ನಿಧನರಾಗುವವರೆಗೂ ಇದರ ವಿರುದ್ಧ ಹೋರಾಡಿದರು. ಬಹಿಷ್ಕಾರವನ್ನು ನಿಷೇಧಿಸಿದ್ದ ಮುಂಬಯಿ ಪ್ರಾಂತ್ಯದ 1949ರ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 1962ರಲ್ಲಿ, ಧಾರ್ಮಿಕ ಪಂಗಡದ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ರದ್ದುಪಡಿಸಿತು. ಮುಖ್ಯ ನ್ಯಾಯಮೂರ್ತಿ ಬಿ.ಪಿ. ಸಿನ್ಹಾ ಮಾತ್ರ ಭಿನ್ನಮತ ಬರೆದರು. ಆ ತೀರ್ಪಿನ ಮರುಪರಿಶೀಲನೆಯ ಕೋರಿಕೆಯನ್ನು 2023ರ ಫೆಬ್ರವರಿಯಲ್ಲಿ ಐವರ ಪೀಠ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಿತು.

ಎರಡು ಅನುಭವಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಗೆರೆ ಎಲ್ಲಿ ಎಳೆಯಬೇಕೆಂಬುದು ಅಸ್ಪಷ್ಟವೇನಲ್ಲ. ತನ್ನ ನಂಬಿಕೆಯ ಎಲ್ಲೆ ಯಾವುದೆಂದು ಹೇಳುವ ಹಕ್ಕು ಪ್ರತಿಯೊಂದು ಧಾರ್ಮಿಕ ಸಮುದಾಯಕ್ಕೂ ಇದೆ. ಅಹ್ಮದೀಯರ ನಂಬಿಕೆ ಇಸ್ಲಾಮಿಗೆ ಹೊರತಾದುದೆಂದು ಒಬ್ಬ ಮೌಲ್ವಿ ಬೋಧಿಸಿದರೆ ಅದು ಅವರ ಸ್ವಾತಂತ್ರ್ಯ. ಆದರೆ ಆ ಬೋಧನೆ ಮನುಷ್ಯನೊಬ್ಬನ ವಿವಾಹ, ವಾರಸುದಾರಿಕೆ, ಜೀವನೋಪಾಯ, ಶವಸಂಸ್ಕಾರಗಳನ್ನು ಕಸಿಯುವ ಆಜ್ಞೆಯಾದಾಗ ಅದು ಬೋಧನೆಯಾಗಿ ಉಳಿಯುವುದಿಲ್ಲ. ವಕ್ಫ್ ಮಂಡಳಿ ಮುಫ್ತಿಗಳ ಪೀಠವಲ್ಲ. ಆಸ್ತಿಗಳ ಮೇಲ್ವಿಚಾರಣೆಗೆ ಕಾನೂನು ಹುಟ್ಟುಹಾಕಿದ ಸಂಸ್ಥೆ. ಅದು ಫತ್ವಾವನ್ನು ನಿರ್ಣಯಪುಸ್ತಕಕ್ಕೆ ಇಳಿಸಿದುದೇ ಆಂಧ್ರದಲ್ಲಿ ಆದ ತಪ್ಪು.

ಒಳಭೇದಗಳ ಮಾತೆತ್ತಿದರೆ ಹೊರಗಿನವರು ಅದನ್ನು ಸಮುದಾಯವನ್ನು ಒಡೆಯಲು ಬಳಸುತ್ತಾರೆ ಎಂಬ ಆತಂಕ ಭಾರತದ ಮುಸ್ಲಿಮರಲ್ಲಿದೆ. 2025ರ ವಕ್ಫ್ ತಿದ್ದುಪಡಿ ಕಾಯ್ದೆ ಬೊಹ್ರಾ ಮತ್ತು ಆಗಾಖಾನಿಗಳಿಗೆ ಪ್ರತ್ಯೇಕ ಮಂಡಳಿಗೆ ಅವಕಾಶ ಕಲ್ಪಿಸಿದಾಗಲೂ ಇದೇ ಶಂಕೆ ವ್ಯಕ್ತವಾಯಿತು. ಶಂಕೆ ನಿರಾಧಾರವೆಂದು ತಳ್ಳಿಹಾಕುವಂತಿಲ್ಲ. ಆದರೆ ಮೌನ ಅದಕ್ಕೆ ಔಷಧವಲ್ಲ. ದುರ್ಬಲವಾದ ಒಳಪಂಥಕ್ಕೆ ಸಮುದಾಯದೊಳಗೇ ನ್ಯಾಯ ಸಿಕ್ಕರೆ, ಅದು ಹೊರಗಿನವರ ಬಾಗಿಲು ತಟ್ಟುವ ಪ್ರಮೇಯವೇ ಒದಗದು.

ಕೇರಳದ ಸಮಸ್ತ ಸಂಘಟನೆ 1989ರಲ್ಲಿ ಇಬ್ಭಾಗವಾದಾಗ ದಕ್ಷಿಣ ಕನ್ನಡದ ಮೊಹಲ್ಲಾಗಳಲ್ಲಿಯೂ ಅದರ ಬಿಸಿ ತಟ್ಟಿತು. ಸುನ್ನೀ-ಸಲಫಿ ವಾಗ್ವಾದ ಇಂದಿಗೂ ಮುಗಿದಿಲ್ಲ. ವಾದ ಮುಗಿಯಬೇಕಾದ ಅಗತ್ಯವೂ ಇಲ್ಲ. ವಾದಿಸಿ ಮನೆಗೆ ಮರಳಿದವನ ಮಗಳ ಮದುವೆ ನಿಲ್ಲಬಾರದು, ಅವನ ತಾಯಿಯ ಜನಾಝಾಕ್ಕೆ ಹೆಗಲು ಕೊಡುವವರು ತಪ್ಪಬಾರದು. ಕರಾವಳಿಯ ಹಲವು ಜಮಾಅತ್‌ಗಳ ಹಿರಿಯರು ಇದನ್ನು ಯಾವ ಸಂದೇಶಕ್ಕೂ ಕಾಯದೆ ಪಾಲಿಸಿಕೊಂಡು ಬಂದಿದ್ದಾರೆ. ಅಹ್ಮದೀಯನೊಬ್ಬನ ಶವ ಖಬರಸ್ತಾನದ ಗೇಟಿನ ಮುಂದೆ ಬಂದು ನಿಂತಾಗಲೂ ಆ ಹಿರಿಯರು ಅದೇ ಮಾತನ್ನಾಡಬಲ್ಲರೇ ಎಂಬುದೇ ಈಗ ಉಳಿದಿರುವ ಪ್ರಶ್ನೆ.